ನೇತ್ರದಾನ: ಊರಿಗೆ ಹೊರಡುವ ಮುನ್ನ ಮಾಡಬೇಕಾದ ಒಂದು ಫೋನ್ ಕರೆ

ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಬೆಂಗಳೂರಿನ ಕೆಂಗೇರಿ, ವಿಜಯನಗರ, ರಾಜಾಜಿನಗರಗಳಲ್ಲಿ ನೆಲೆಸಿದ್ದಾರೆ. ಎಷ್ಟೋ ಮನೆಗಳಲ್ಲಿ ವಯಸ್ಸಾದ ತಂದೆ ತಾಯಿಯೂ ಜೊತೆಗಿರುತ್ತಾರೆ. ಅಲ್ಲಿ ಮರಣ ಸಂಭವಿಸಿದರೆ ಮನೆಯವರ ಮೊದಲ ಚಿಂತೆ ಆಂಬುಲೆನ್ಸ್ ಗೊತ್ತುಮಾಡಿ ಪಾರ್ಥಿವ ಶರೀರವನ್ನು ಊರಿಗೆ ತರುವುದು. ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ದಾರಿ. ಘಾಟಿ ಇಳಿದು ಮನೆ ಸೇರುವಾಗ ಏಳೆಂಟು ಗಂಟೆ ಕಳೆದಿರುತ್ತದೆ. ಆದರೆ ಮೃತರ ಕಣ್ಣುಗಳನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ ಪಡೆಯಬೇಕು. ನೇತ್ರದಾನದ ವಾಗ್ದಾನಪತ್ರಕ್ಕೆ ಸಹಿ ಹಾಕಿದವರ ಇಚ್ಛೆಯೂ ಹೀಗೆ ದಾರಿಯಲ್ಲೇ ಮುಗಿದುಹೋಗುತ್ತದೆ.

ಯಾರಿಗೆ ಪ್ರಯೋಜನ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಗಾಯ ಅಥವಾ ಸೋಂಕಿನಿಂದ ಅದು ಮಬ್ಬಾದರೆ ಬೆಳಕು ಒಳಗೆ ಹೋಗದು. ಅಂಥವರಿಗೆ ಮೃತರ ಕಾರ್ನಿಯಾವನ್ನು ಕಸಿ ಮಾಡುತ್ತಾರೆ. ಸಾಮಾನ್ಯವಾಗಿ ಒಬ್ಬರ ಎರಡು ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ ಬರುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಪುತ್ರ ಪುನೀತ್ ತೀರಿಕೊಂಡಾಗ ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಅಳವಡಿಸಿದರು.

ಮನೆಯವರು ಏನು ಮಾಡಬೇಕು?

ವೈದ್ಯರು ಮರಣವನ್ನು ದೃಢಪಡಿಸಿದ ಕೂಡಲೇ ಹತ್ತಿರದ ನೇತ್ರ ಬ್ಯಾಂಕ್‌ಗೆ ಫೋನ್ ಮಾಡಿ. ಕಣ್ಣಿನ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬಿಡಿ, ಫ್ಯಾನ್ ಆರಿಸಿ. ತಂಡವು ಮನೆಗೇ ಬರುತ್ತದೆ. ಕೆಲಸಕ್ಕೆ ಸುಮಾರು 15ರಿಂದ 20 ನಿಮಿಷ ಸಾಕು. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ವಿರೂಪವಾಗುವುದಿಲ್ಲ. ಆಮೇಲೆ ಆಂಬುಲೆನ್ಸ್ ಹೊರಡಬಹುದು.

ಕನ್ನಡಕ ಧರಿಸಿದವರು, ಪೊರೆ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆ ಇದ್ದವರು ಕೂಡ ದಾನಿಗಳಾಗಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್ ಇದ್ದವರ ಕಣ್ಣುಗಳನ್ನು ಕಸಿಗೆ ಬಳಸುವುದಿಲ್ಲ. ವಾಗ್ದಾನಪತ್ರ ಇರದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆ ಸಾಕು.

ದೇಹ ಪೂರ್ಣವಾಗಿ ಮಣ್ಣಿಗೆ ಸೇರದಿದ್ದರೆ ಪುನರುತ್ಥಾನಕ್ಕೆ ಅಡ್ಡಿಯೇ ಎಂದು ಹಿರಿಯರು ಕೇಳುವುದುಂಟು. ಅಡ್ಡಿಯಿಲ್ಲ. ಮರಣಾನಂತರದ ಅಂಗದಾನವು ಶ್ರೇಷ್ಠ ಕಾರ್ಯವೆಂದು ಧರ್ಮಸಭೆಯ ಕ್ಯಾಟೆಕಿಸಂ (2296) ಹೇಳುತ್ತದೆ.

ಕಸಿಯಿಂದ ಗುಣವಾಗದವರು

ಎಲ್ಲಾ ಅಂಧತ್ವಕ್ಕೂ ಕಾರ್ನಿಯಾ ಉತ್ತರವಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು. ಬೇಗ ಪತ್ತೆಯಾದರೆ ಉಳಿದದ್ದನ್ನು ಕಾಪಾಡಬಹುದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಿಕೊಳ್ಳಬೇಕು.

ದೃಷ್ಟಿ ಮರಳದವರಿಗೆ ಬೇಕಾದದ್ದು ಅನುಕಂಪವಲ್ಲ, ಜೊತೆ. ಯುಡಿಐಡಿ ಕಾರ್ಡಿನ ಅರ್ಜಿ ತುಂಬಲು, ಪಿಂಚಣಿ ಮತ್ತು ಬಸ್ ಪಾಸ್ ಪಡೆಯಲು, ಮೊಬೈಲಿನಲ್ಲಿ ಅಕ್ಷರವನ್ನು ಓದಿ ಹೇಳುವ ಸೌಲಭ್ಯ ಕಲಿಯಲು ನಮ್ಮ ಯುವಜನರು ನೆರವಾಗಬಹುದು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದಿದೆ. ಆದರೂ ನಿಲ್ದಾಣದವರೆಗೆ, ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ಯುವವರು ಬೇಕಲ್ಲವೇ? ಕರೆದೊಯ್ಯುವಾಗ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳಲಿ.

ರಾಷ್ಟ್ರೀಯ ನೇತ್ರದಾನ ಪಾಕ್ಷಿಕ ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುತ್ತದೆ. ಕೊನೆಯ ದಿನ ನಮ್ಮ ಮೊಂತಿ ಹಬ್ಬ. ಹೊಸ ಅಕ್ಕಿಯ ಊಟಕ್ಕೆ ಬೆಂಗಳೂರಿನ ಮಕ್ಕಳೂ ಬಂದಿರುವಾಗ, ಮನೆಯವರೆಲ್ಲ ಒಟ್ಟಿಗೆ ಕುಳಿತು ಈ ವಿಷಯ ಮಾತನಾಡಿಕೊಳ್ಳಿ. ನೇತ್ರ ಬ್ಯಾಂಕ್‌ನ ಫೋನ್ ನಂಬರನ್ನು ಎಲ್ಲರ ಮೊಬೈಲಿನಲ್ಲೂ ಬರೆದಿಟ್ಟುಕೊಳ್ಳಿ. ದುಃಖದ ಗಳಿಗೆಯಲ್ಲಿ ಅದನ್ನು ಹುಡುಕಲು ಯಾರಿಗೂ ಮನಸ್ಸು ಬಾರದು.