ಗಡ್ಡ ನೆನೀಲಿ, ತಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬೇಸಿಗೆಯ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತದೆ. ಕಟಿಂಗ್ ಅಂಗಡಿಯ ಶಟರ್ ಈಗಷ್ಟೇ ಎದ್ದಿದೆ. ಒಳಗೆ ಊದಿನಕಡ್ಡಿಯ ಹೊಗೆ, ಗೋಡೆಯ ಮೇಲೆ ಹಡಪದ ಅಪ್ಪಣ್ಣನವರ ಫೋಟೊ, ಅದರ ಕೆಳಗೆ ಉದ್ದನೆಯ ಕನ್ನಡಿ. ಕುರ್ಚಿಯಲ್ಲೊಬ್ಬ ಕಾಲೇಜು ಹುಡುಗ. ಮನೆಯಲ್ಲೇ ದಾಡಿ ಮಾಡಿಕೊಳ್ಳುವುದನ್ನು ಕಲಿಯಬೇಕೆಂದು ಹೊಸ ಸ್ಟೀಲ್ ರೇಜರು, ಬ್ರಶ್ಶು, ಸಾಬೂನು ಹಿಡಿದುಕೊಂಡೇ ಬಂದಿದ್ದಾನೆ.

"ಕಾಕಾ, ಬ್ಲೇಡ್ ಯಾವ್ದು ಛಲೋ ರೀ?"

"ಬ್ಲೇಡಿನ ಮಾತು ಆಮ್ಯಾಲ, ತಮ್ಮಾ. ಮೊದಲ ಗಡ್ಡ ನೆನೀಲಿ, ತಡಿ."

ಈ 'ತಡಿ' ಎಂಬ ಮಾತಿನಲ್ಲೇ ಅರ್ಧ ವಿದ್ಯೆ ಇದೆ. ಒಣಗಡ್ಡ ತಂತಿಯಂತೆ ಗಡಸು. ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಆಗ ಕತ್ತಿಗೆ ಬಲ ಬೇಕಿಲ್ಲ. ಕಾಕಾ ಬಿಸಿನೀರಿನ ಟವೆಲ್ ಹಿಂಡಿ ಹುಡುಗನ ಕೆನ್ನೆಗೆ ಒತ್ತುತ್ತಾರೆ. ಬ್ರಶ್ ಅದ್ದುವುದು ಮಾತ್ರ ನಳದ ನೀರಿಗಲ್ಲ, ಕುಡಿಯುವ ನೀರಿನ ಕ್ಯಾನಿನಿಂದ ಬಗ್ಗಿಸಿದ ಬಟ್ಟಲಿಗೆ. ಶಹಾಬಾದಿನ ಫರಸಿಕಲ್ಲು, ಅಂದರೆ ಸುಣ್ಣಕಲ್ಲು ಸಿಗುವ ಜಿಲ್ಲೆ ಇದು. ನಳದಲ್ಲಿ ಬರುವ ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿಗೆ ಕೂಡಿ ಜಿಗುಟು ಗಸಿ ಕಟ್ಟುತ್ತದೆ, ನೊರೆ ಏಳುವುದಿಲ್ಲ. ಎಷ್ಟೋ ಮಂದಿ ಸಾಬೂನನ್ನು ಬೈದು ಬಿಸಾಡುವುದು ನೀರಿನ ತಪ್ಪಿಗೆ.

ಬ್ರಶ್ ಗಿರ್ರನೆ ತಿರುಗುತ್ತದೆ. ಮೊದಲು ದೊಡ್ಡ ದೊಡ್ಡ ಗುಳ್ಳೆ; ಹನಿ ಹನಿ ನೀರು ಸೇರಿದಂತೆ ಗುಳ್ಳೆ ಸತ್ತು, ಮಿರುಗುವ ದಟ್ಟ ನೊರೆ. ಅದನ್ನು ಗಡ್ಡದ ಬುಡಕ್ಕೆ ತಿಕ್ಕಿದ ಮೇಲಷ್ಟೇ ರೇಜರಿನ ಸರದಿ. ಕಿಂಗ್ ಜಿಲೆಟ್ ಎಂಬ ಅಮೆರಿಕದವನು 1904ರಲ್ಲಿ ಪೇಟೆಂಟ್ ಪಡೆದ, ತೆಳು ಬ್ಲೇಡ್ ಬದಲಾಯಿಸುವ ರೇಜರಿನ ವಂಶದ್ದೇ ಹುಡುಗನ ಕೈಯಲ್ಲಿರುವುದು. "ಒತ್ತಬ್ಯಾಡ, ರೇಜರಿನ ಭಾರನ ಸಾಕು," ಎನ್ನುತ್ತಾ ಕಾಕಾ ಅವನ ಮಣಿಕಟ್ಟು ಹಿಡಿದು ಓರೆ ತೋರಿಸುತ್ತಾರೆ, ಚರ್ಮಕ್ಕೆ ಸುಮಾರು 30 ಡಿಗ್ರಿ. ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಕುತ್ತಿಗೆಯಲ್ಲಿ ಆ ದಿಕ್ಕು ಬೇರೆ, ಬೆರಳಾಡಿಸಿ ಮೊದಲೇ ತಿಳಿದುಕೊಳ್ಳಬೇಕು. ಕೊನೆಗೆ ತಣ್ಣೀರು, ಪಟಿಕದ ಹರಳು. ಸಣ್ಣ ಗಾಯದ ರಕ್ತ ನಿಲ್ಲಿಸಲು ಅದಕ್ಕಿಂತ ಅಗ್ಗದ ಮದ್ದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಕಮಲಾಪುರ, ಕೆಂಪು ಬಾಳೆಯ ಊರು. ರಸ್ತೆ ಬದಿಯ ಗಾಡಿಗಳಲ್ಲಿ ಕೆಂಗೊನೆಗಳು ತೂಗುತ್ತಿವೆ. ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಕ್ಷೌರಿಕರು ಹಡಪ ಹೊತ್ತು ಮನೆಮನೆಗೆ ಬರುತ್ತಿದ್ದರು. ಬೇವಿನ ನೆರಳಲ್ಲಿ ಎದುರುಬದುರು ಕುಕ್ಕರಗಾಲಲ್ಲಿ ಕೂತು, ಉಸ್ತರಾವನ್ನು ಸಾಣೆಕಲ್ಲಿಗೆ ಮಸೆದು, ಚರ್ಮದ ಪಟ್ಟಿಗೆ ತೀಡಿ ಗಡ್ಡ ಹೆರೆಯುತ್ತಿದ್ದರು. ಕೂಲಿ ಸುಗ್ಗಿಯಲ್ಲಿ ಜೋಳದ ರೂಪದಲ್ಲಿ. ಏಡ್ಸ್ ಭಯ ಹಬ್ಬಿದ ಮೇಲೆ ಸಾಣೆಯ ಕತ್ತಿ ಮೂಲೆ ಸೇರಿತು. ಈಗ ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ. ಕೈಯ ಹದ ಮಾತ್ರ ಅದೇ.

ಇದೇ ದಾರಿ ಮುಂದೆ ಬಸವಕಲ್ಯಾಣದ ಕಡೆ ಒಯ್ಯುತ್ತದೆ. 12ನೆಯ ಶತಮಾನದಲ್ಲಿ ಆ ಫೋಟೊದ ಅಪ್ಪಣ್ಣ ಬಸವಣ್ಣನವರ ಆಪ್ತನಾಗಿದ್ದ ಕಲ್ಯಾಣ ಅದು. ಅಂಥ ಶರಣನನ್ನು ತಮ್ಮವನೆಂದು ಪೂಜಿಸುವ ಈ ಕಸುಬಿನವರನ್ನು ಊರು ಶತಮಾನಗಳ ಕಾಲ ಬಾಗಿಲ ಹೊರಗೇ ಕೂರಿಸಿತು, ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿತು. ಅದು ಅನ್ಯಾಯ. ಇಂದು ಪುಟ್ಟ ಡಬ್ಬಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿರುವ 'ಹಳೆಯ ಪದ್ಧತಿಯ ಶೇವಿಂಗ್' ಅವರು ಕಾಪಾಡಿಕೊಂಡು ಬಂದ ವಿದ್ಯೆ.

ರೇಜರು ಕೊಳ್ಳಬೇಕೆಂದಿರುವವರು ಮೊದಲು ನಿಮ್ಮೂರಿನ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತು ಒಂದು ದಾಡಿ ಮಾಡಿಸಿಕೊಳ್ಳಿ. ಕಣ್ಣು ಮುಚ್ಚಬೇಡಿ; ಕನ್ನಡಿಯಲ್ಲಿ ಆ ಕೈಯನ್ನೇ ನೋಡಿ, ತಿಳಿಯದ್ದನ್ನು ಕೇಳಿ. ಕೇಳಿದರೆ ಅವರು ಹೇಳಿಕೊಡುತ್ತಾರೆ.