ಕಥಾಕ್ರೀಡೆಯ ಸ್ವಾರಸ್ಯ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸುವುದು ಆಲಂಕಾರಿಕರ ಸಂಪ್ರದಾಯವಷ್ಟೆ. ಈ ಎರಡರಲ್ಲಿಯೂ ಸಹೃದಯನು ಸುಮ್ಮನೆ ಕುಳಿತಿದ್ದರೂ ಕಥೆಯು ಮುಂದುವರಿಯುತ್ತದೆ. ನಟನು ಅಭಿನಯಿಸುತ್ತಾನೆ, ಗಮಕಿಯು ಓದುತ್ತಾನೆ. ಕಳೆದ ಅರ್ಧ ಶತಮಾನದಲ್ಲಿ ಗಣಕಯಂತ್ರವನ್ನು ಆಶ್ರಯಿಸಿ ಹುಟ್ಟಿದ ಒಂದು ಕಥಾಪ್ರಕಾರವಾದರೋ ಈ ವಿಭಾಗದೊಳಕ್ಕೆ ಪೂರ್ತಿಯಾಗಿ ಅಡಕವಾಗುವುದಿಲ್ಲ. ಅಲ್ಲಿ ಕಥೆಯು ಬೀಗ ಹಾಕಿದ ಬಾಗಿಲಿನೆದುರು ಬಂದು ನಿಲ್ಲುತ್ತದೆ. ಆಡುವವನು ಯುಕ್ತಿಯಿಂದ ಆ ಬಾಗಿಲನ್ನು ತೆರೆಯುವವರೆಗೆ ಅದು ಒಂದು ಹೆಜ್ಜೆಯನ್ನೂ ಮುಂದಿಡದು. ಅಡ್ವೆಂಚರ್ ಗೇಮ್ ಎಂದು ಪ್ರಸಿದ್ಧವಾದ ಈ ಪ್ರಕಾರವನ್ನು ಇಲ್ಲಿ ಕಥಾಕ್ರೀಡೆಯೆಂದು ವ್ಯವಹರಿಸಲಾಗಿದೆ. ಅದರ ಸ್ವಾರಸ್ಯವು ಯಾವುದರಲ್ಲಿದೆ, ಆ ಸ್ವಾರಸ್ಯವು ಕೆಡುವುದು ಹೇಗೆ, ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ತಿಳಿಯಬೇಕಾದುದೇನು ಎಂಬ ಮೂರು ವಿಷಯಗಳು ಇಲ್ಲಿ ವಿಚಾರಣೀಯವಾಗಿವೆ.

ಉತ್ತರವನ್ನು ಹೇಳಿದಲ್ಲದೆ ದಾರಿಬಿಡದ ಈ ಕ್ರಮವು ಕನ್ನಡ ಜನಕ್ಕೆ ಹೊಸತಲ್ಲ. ಹಳೆಯ ಮೈಸೂರಿನ ಹಳ್ಳಿಗಾಡಿನಲ್ಲಿ ಮದುವೆಯ ಮನೆಯ ಹೊಸಿಲಲ್ಲಿ ನಾದಿನಿಯರು ಬಾಗಿಲು ತಡೆದು, ಮದುಮಗಳು ಗಂಡನ ಹೆಸರನ್ನು ಹೇಳಿದ ಹೊರತು ಒಳಗೆ ಬಿಡೆವೆಂದು ಹಟಹಿಡಿಯುವ ಶಾಸ್ತ್ರವು ಪ್ರಸಿದ್ಧವಾಗಿದೆ. ಹೆಸರನ್ನು ನೇರವಾಗಿ ಉಚ್ಚರಿಸಲು ನಾಚುವ ಹೆಣ್ಣು ಅದನ್ನು ಒಡಪಿನಲ್ಲಿ ಹೆಣೆದು ಹೇಳುತ್ತಾಳೆ, ಬಾಗಿಲು ತೆರೆಯುತ್ತದೆ. ಕನಕಪುರ ಸೀಮೆಯ ಮರಳವಾಡಿಯಂತಹ ಊರುಗಳ ಜಗಲಿಯ ಮೇಲೆ ಅಜ್ಜಿಯು ಒಡ್ಡುವ ಒಗಟಿನ ಗತಿಯೂ ಇದೇ. ಬಾಗಿಲಿಲ್ಲದ ಮನೆಯಾವುದೆಂದು ಕೇಳಿದರೆ ಮಕ್ಕಳು ಊರಿನ ಮನೆಗಳನ್ನೆಲ್ಲಾ ಮನಸ್ಸಿನಲ್ಲಿಯೇ ಸುತ್ತಿಬಂದು, ಕಡೆಗೆ ಮುಂದಿರುವ ಕೋಳಿಯ ಮೊಟ್ಟೆಯನ್ನು ಕಂಡು ನಗುತ್ತಾರೆ. ಮೊದಲು ನೂರು ಸಲ ಕಂಡಿದ್ದ ಮೊಟ್ಟೆಯೇ ಆ ಕ್ಷಣದಲ್ಲಿ ಅಪೂರ್ವವಸ್ತುವಿನಂತೆ ತೋರುತ್ತದೆ.

ಕಥಾಕ್ರೀಡೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1976ರಲ್ಲಿ ಅಮೆರಿಕದ ವಿಲ್ ಕ್ರೌದರ್ ಎಂಬ ಗುಹಾಸಂಚಾರಪ್ರಿಯನು ಕೆಂಟಕಿಯ ಮ್ಯಾಮತ್ ಗುಹೆಯನ್ನು ಮಾದರಿಯಾಗಿಟ್ಟುಕೊಂಡು ಬರಿಯ ಅಕ್ಷರರೂಪವಾದ ಒಂದು ಕ್ರೀಡೆಯನ್ನು ರಚಿಸಿದನು. 1977ರಲ್ಲಿ ಡಾನ್ ವುಡ್ಸ್ ಅದನ್ನು ವಿಸ್ತರಿಸಿದನು. 1980ರ ಮಿಸ್ಟರಿ ಹೌಸ್ ಎಂಬುದರಲ್ಲಿ ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳು ಅಕ್ಷರಕ್ಕೆ ಚಿತ್ರವನ್ನು ಕೂಡಿಸಿದರು. 1984ರ ಕಿಂಗ್ಸ್ ಕ್ವೆಸ್ಟ್‌ನಲ್ಲಿ ನಾಯಕನು ಚಿತ್ರದೊಳಗೆ ನಡೆದಾಡತೊಡಗಿದನು. ಆದರೂ ಆಜ್ಞೆಗಳನ್ನು ಬೆರಳಚ್ಚಿನಿಂದಲೇ ಬರೆಯಬೇಕಾಗಿದ್ದಿತು. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ರಚಿಸಿದ ಮೇನಿಯಾಕ್ ಮ್ಯಾನ್ಷನ್ನಿನಲ್ಲಿ ಈ ಶ್ರಮವು ತಪ್ಪಿತು. ತೆರೆಯ ಕೆಳಭಾಗದಲ್ಲಿ ತೆರೆ, ಮುಚ್ಚು, ಕೊಡು, ಎಳೆ, ಓದು ಮೊದಲಾದ ಕೆಲವೇ ಕ್ರಿಯಾಪದಗಳಿರುತ್ತವೆ. ಆಡುವವನು ಮೌಸ್‌ನಿಂದ ಒಂದು ಕ್ರಿಯಾಪದವನ್ನೂ ಚಿತ್ರದಲ್ಲಿರುವ ಒಂದು ವಸ್ತುವನ್ನೂ ತೋರಿ ಗುಂಡಿಯನ್ನೊತ್ತುತ್ತಾನೆ. ಪಾಯಿಂಟ್ ಅಂಡ್ ಕ್ಲಿಕ್ ಎಂಬ ಹೆಸರು ಬಂದುದು ಇದರಿಂದಲೇ.

ಈ ವ್ಯಾಪಾರವನ್ನು ಶಾಬ್ದಬೋಧದ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ರಹಸ್ಯವು ಹೊರಬೀಳುತ್ತದೆ. ಆಡುವವನು ಮಾಡುತ್ತಿರುವುದು ವಾಕ್ಯರಚನೆಯೇ. ಕೀಲಿಯನ್ನು ಪೆಟ್ಟಿಗೆಗೆ ಉಪಯೋಗಿಸು ಎಂಬಲ್ಲಿ ಕ್ರಿಯೆಯಿದೆ, ಕಾರಕಗಳಿವೆ. ವಾಕ್ಯಾರ್ಥವು ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಬೆಂಕಿಯಿಂದ ನೆನೆಸುತ್ತಾನೆ ಎಂಬ ವಾಕ್ಯವು ಅರ್ಥಬೋಧಕವಾಗದಿರುವುದು ಯೋಗ್ಯತೆಯ ಅಭಾವದಿಂದ. ಕಥಾಕ್ರೀಡೆಯಲ್ಲಿ ಬೀಗ ಹಾಕಿದ ಬಾಗಿಲು ಆಕಾಂಕ್ಷೆಯನ್ನು ಹುಟ್ಟಿಸುತ್ತದೆ. ನಾಯಕನ ಜೋಳಿಗೆಯಲ್ಲಿ ಸಂಗ್ರಹವಾದ ಹಗ್ಗ, ದೀಪ, ಹಳೆಯ ಪತ್ರ ಮೊದಲಾದವು ಸನ್ನಿಧಿಯಲ್ಲಿರುತ್ತವೆ. ಯಾವುದಕ್ಕೆ ಯಾವುದು ಯೋಗ್ಯವೆಂಬುದನ್ನು ಮಾತ್ರ ಆಡುವವನೇ ಕಂಡುಹಿಡಿಯಬೇಕು. ಅಯೋಗ್ಯವಾದ ವಾಕ್ಯವನ್ನು ಕ್ರೀಡೆಯು ನಿರಾಕರಿಸುತ್ತದೆ, ಯೋಗ್ಯವಾದುದನ್ನು ಘಟನೆಯಾಗಿ ಪರಿಣಮಿಸುತ್ತದೆ. ತಾನು ರಚಿಸಿದ ವಾಕ್ಯವು ಕಣ್ಣೆದುರಿನಲ್ಲಿಯೇ ಕಥೆಯಾಗುವುದನ್ನು ಕಾಣುವ ಸಂತೋಷವು ಬೇರೆ ಪ್ರಕಾರಗಳಲ್ಲಿ ದುರ್ಲಭ.

ನಾಟ್ಯಶಾಸ್ತ್ರದಲ್ಲಿ ಕಾರ್ಯಕ್ಕೆ ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಐದು ಅವಸ್ಥೆಗಳು ಹೇಳಲ್ಪಟ್ಟಿವೆ. ನಾಟಕದಲ್ಲಿ ಈ ಐದೂ ನಾಯಕನವು. ಕಥಾಕ್ರೀಡೆಯಲ್ಲಿ ಎರಡನೆಯದಾದ ಪ್ರಯತ್ನವು ಸಹೃದಯನ ಪಾಲಿಗೆ ಬರುತ್ತದೆ. ಆದಕಾರಣ ಫಲಾಗಮವೂ ಅವನದೇ ಆಗುತ್ತದೆ. ಚನ್ನಪಟ್ಟಣದ ಹಾಲೆಮರದ ಬೊಂಬೆಯನ್ನು ಹಿಡಿದ ಮಗುವು ಕಥೆಯನ್ನೆಲ್ಲಾ ತಾನೇ ಕಲ್ಪಿಸಿಕೊಳ್ಳುತ್ತದೆ. ಪುಸ್ತಕವನ್ನು ಹಿಡಿದವನಿಗೆ ಕಥೆಯನ್ನೆಲ್ಲಾ ಕವಿಯೇ ಒದಗಿಸುತ್ತಾನೆ. ಕಥಾಕ್ರೀಡೆಯ ಸ್ಥಾನವು ಇವೆರಡರ ನಡುವೆ: ಕಥೆಯು ಕವಿಯದು, ಅದನ್ನು ನಡೆಯಿಸುವ ಯುಕ್ತಿಯು ಆಡುವವನದು.

ಇದಕ್ಕೆ ಉತ್ತಮವಾದ ನಿದರ್ಶನವು 1990ರ ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್ ಎಂಬುದರಲ್ಲಿದೆ. ಅದರ ನಾಯಕನಾದ ಗೈಬ್ರಷ್ ತ್ರೀಪ್‌ವುಡ್ ಕಡಲುಗಳ್ಳನಾಗಬೇಕೆಂದು ಬಂದ ತರುಣ. ಅಲ್ಲಿ ಕತ್ತಿಯ ಕಾಳಗವು ತೋಳಿನ ಬಲದಿಂದಲ್ಲ, ಮಾತಿನ ಬಲದಿಂದ ತೀರ್ಮಾನವಾಗುತ್ತದೆ: ಎದುರಾಳಿಯು ಒಂದು ಮೂದಲೆಯನ್ನಾಡಿದರೆ ಅದಕ್ಕೆ ತಕ್ಕ ಮಾರುತ್ತರವನ್ನು ಕೊಟ್ಟವನು ಮುಂದೊತ್ತುತ್ತಾನೆ. ದಾರಿಯಲ್ಲಿ ಸಿಕ್ಕ ಕಡಲುಗಳ್ಳರೊಡನೆ ಸೋತು ಸೋತು ಆಡುವವನು ಈ ಉತ್ತರಗಳನ್ನು ಕಲಿಯಬೇಕು. ಕಡೆಗೆ ಖಡ್ಗವಿದ್ಯಾಪಾರಂಗತೆಯಾದ ಕಾರ್ಲಾಳೆದುರು ನಿಂತಾಗ ಆಕೆಯು ಹಿಂದೆ ಕೇಳಿರದ ಮೂದಲೆಗಳನ್ನೇ ಆಡುತ್ತಾಳೆ. ಕಂಠಪಾಠವು ಅಲ್ಲಿ ನಿಷ್ಪ್ರಯೋಜಕ. ಕಲಿತ ಹಳೆಯ ಉತ್ತರಗಳೇ ಹೊಸ ಮಾತುಗಳಿಗೂ ಹೊಂದುವಂತೆ ರಚಿತವಾಗಿವೆಯೆಂದು ಅರಿತು, ಅರ್ಥವನ್ನು ನೋಡಿ ಆರಿಸಿಕೊಳ್ಳಬೇಕು. ಅಕ್ಷರವನ್ನು ಕಲಿತವನಿಗೂ ಅರ್ಥವನ್ನು ಕಲಿತವನಿಗೂ ಇರುವ ಅಂತರವನ್ನು ಇದಕ್ಕಿಂತ ವಿನೋದವಾಗಿ ತೋರಿಸುವುದು ಕಷ್ಟ.

ಇದು ಬುದ್ಧಿಯ ಕಸರತ್ತೇ ಹೊರತು ರಸವಲ್ಲವೆಂದು ಶಂಕಿಸಬಹುದು. ಸಮಾಧಾನವೇನೆಂದರೆ, ಒಗಟು ಕಥೆಯ ಹೊರಗಿದ್ದರೆ ಈ ಆಕ್ಷೇಪವು ಸಾಧು, ಒಳಗಿದ್ದರೆ ಅಲ್ಲ. 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳನು ಹೆಗಲ ಮೇಲಿದ್ದುಕೊಂಡು ತ್ರಿವಿಕ್ರಮಸೇನನಿಗೆ ಕಥೆಗಳನ್ನು ಹೇಳಿ ಪ್ರಶ್ನೆಗಳನ್ನು ಕೇಳುತ್ತಾನೆ. ಆ ಉತ್ತರಗಳು ಗಣಿತದವಲ್ಲ. ಪಾತ್ರಗಳಲ್ಲಿ ಯಾರ ತ್ಯಾಗವು ದೊಡ್ಡದು, ಯಾರು ನಿಜವಾದ ಪತಿ ಎಂಬ ಧರ್ಮಸೂಕ್ಷ್ಮಗಳು. ಕಥೆಯನ್ನು ಮನಸ್ಸಿಟ್ಟು ಕೇಳಿದವನಿಗಲ್ಲದೆ ಉತ್ತರವು ಹೊಳೆಯದು. ಹಾಗೆಯೇ ಒಳ್ಳೆಯ ಕಥಾಕ್ರೀಡೆಯಲ್ಲಿ ಒಗಟನ್ನು ಬಿಡಿಸುವುದೆಂದರೆ ಪಾತ್ರದ ಸ್ವಭಾವವನ್ನೂ ಸ್ಥಳದ ಸ್ವರೂಪವನ್ನೂ ಅರಿಯುವುದೇ ಆಗಿದೆ.

ಈ ಸ್ವಾರಸ್ಯವು ಕೆಡುವ ಬಗೆಯನ್ನೂ ನೋಡಬೇಕು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಗಳನ್ನು ವಿವರಿಸುತ್ತ, ಪೂರ್ವಾಚಾರ್ಯರು 16 ಬಗೆಯ ನಿರ್ದುಷ್ಟಪ್ರಹೇಲಿಕೆಗಳನ್ನೂ 14 ಬಗೆಯ ದುಷ್ಟಪ್ರಹೇಲಿಕೆಗಳನ್ನೂ ಎಣಿಸಿದ್ದರೆಂದು ತಿಳಿಸುತ್ತಾನೆ. ಒಗಟಿನಲ್ಲಿಯೂ ಗುಣದೋಷಗಳುಂಟೆಂಬುದು ಇದರಿಂದ ಸ್ಪಷ್ಟ. ಕಥಾಕ್ರೀಡೆಗಳಲ್ಲಿ ಮುಖ್ಯವಾದ ದೋಷಗಳೆರಡು. ಮೊದಲನೆಯದು 1990ರ ಕಿಂಗ್ಸ್ ಕ್ವೆಸ್ಟ್‌ನ ಐದನೆಯ ಭಾಗದಲ್ಲಿ ಕಾಣುತ್ತದೆ. ಬೆಕ್ಕು ಇಲಿಯನ್ನಟ್ಟುವ ಕ್ಷಣಮಾತ್ರದಲ್ಲಿ ಹಳೆಯ ಬೂಟನ್ನೆಸೆದು ಇಲಿಯನ್ನು ಕಾಪಾಡದಿದ್ದರೆ, ಬಹುದೂರ ಹೋದಮೇಲೆ ನೆಲಮಾಳಿಗೆಯಲ್ಲಿ ಕಟ್ಟಿಹಾಕಲ್ಪಟ್ಟ ನಾಯಕನ ಹಗ್ಗವನ್ನು ಕಡಿಯುವವರಿಲ್ಲದೆ ಕಥೆಯೇ ಮುಗಿದುಹೋಗುತ್ತದೆ. ಅರಿಯದೆ ಮಾಡಿದ ತಪ್ಪಿಗೆ ಇದು ಅರಿಯಲಾಗದ ಶಿಕ್ಷೆ. ಎರಡನೆಯದು 1999ರ ಗೇಬ್ರಿಯಲ್ ನೈಟ್‌ನ ಮೂರನೆಯ ಭಾಗದಲ್ಲಿದೆ. ನಾಯಕನು ಮೀಸೆಯೇ ಇಲ್ಲದ ಒಬ್ಬನ ವೇಷವನ್ನು ಧರಿಸಲು ಬೆಕ್ಕಿನ ಕೂದಲಿನಿಂದ ಮೀಸೆಯನ್ನು ಕಟ್ಟಿ, ಆ ಮನುಷ್ಯನ ಗುರುತಿನ ಚಿತ್ರಕ್ಕೂ ಮೀಸೆಯನ್ನು ಬರೆಯಬೇಕು! ಅಭಿನವಗುಪ್ತನು ಏಳು ರಸವಿಘ್ನಗಳಲ್ಲಿ ಸಂಭಾವನಾವಿರಹವನ್ನು ಮೊದಲು ಹೇಳಿರುವುದು ಇಂತಹ ಸ್ಥಳಗಳಲ್ಲಿ ಸಾರ್ಥಕವೆನಿಸುತ್ತದೆ. ಇಲ್ಲಿ ಯೋಗ್ಯತೆಯಿರುವುದು ವಸ್ತುಗಳಲ್ಲಿ ಅಲ್ಲ, ರಚಿಸಿದವನ ಮನಸ್ಸಿನಲ್ಲಿ ಮಾತ್ರ.

ರಾನ್ ಗಿಲ್ಬರ್ಟ್ 1989ರಷ್ಟು ಹಿಂದೆಯೇ ಈ ದೋಷಗಳನ್ನು ಖಂಡಿಸಿ ಒಂದು ಪ್ರಬಂಧವನ್ನು ಬರೆದಿದ್ದನು. ಮಂಕಿ ಐಲೆಂಡ್ ಆ ಲಕ್ಷಣಕ್ಕೆ ಲಕ್ಷ್ಯವಾಯಿತು. ಆದರೂ 1990ರ ದಶಕದ ಕೊನೆಗೆ ಈ ಪ್ರಕಾರವು ಕ್ಷೀಣಿಸಿತು. 1998ರ ಗ್ರಿಮ್ ಫಾಂದಾಂಗೊ ವಿಮರ್ಶಕರ ಮೆಚ್ಚುಗೆಯನ್ನು ಪಡೆದರೂ ವಿಕ್ರಯದಲ್ಲಿ ಸೋತಿತು. ಅನಂತರ 2012ರಲ್ಲಿ ಇಂತಹದೊಂದು ಹೊಸ ಕ್ರೀಡೆಗಾಗಿ ಅಭಿಮಾನಿಗಳು 33 ಲಕ್ಷ ಡಾಲರುಗಳಿಗೂ ಮಿಗಿಲಾದ ವಂತಿಗೆಯನ್ನಿತ್ತರು. 2022ರಲ್ಲಿ ಗಿಲ್ಬರ್ಟನೇ ಮಂಕಿ ಐಲೆಂಡಿಗೆ ಮರಳಿದನು. ಒಮ್ಮೆ ತಾವೇ ಬಾಗಿಲು ತೆರೆದ ಮನೆಯನ್ನು ಜನರು ಮರೆಯಲಿಲ್ಲ.

ಇನ್ನು ಅಧ್ಯಾಪಕರಿಗೆ ಸಂಬಂಧಪಟ್ಟ ಮಾತು. ದುಷ್ಟವಾದ ಒಗಟಿನಷ್ಟೇ ಹಾನಿಕರವಾದುದು ಬೇಗನೆ ಹೇಳಿಬಿಟ್ಟ ಉತ್ತರ. ಕಥಾಕ್ರೀಡೆಗಳಿಗೆ ಉತ್ತರಗಳನ್ನೆಲ್ಲಾ ಕ್ರಮವಾಗಿ ಕೊಡುವ ಕೈಪಿಡಿಗಳುಂಟು. ಅವುಗಳನ್ನು ಹಿಡಿದು ಆಡಿದವನು ಕಥೆಯ ಕೊನೆಯನ್ನು ಮುಟ್ಟುತ್ತಾನೆ. ಪ್ರಯತ್ನವು ತನ್ನದಲ್ಲದ ಕಾರಣ ಫಲವೂ ಅವನದಾಗುವುದಿಲ್ಲ. ಉತ್ತರವನ್ನು ಪಕ್ಕದಲ್ಲಿಯೇ ಅಚ್ಚುಮಾಡಿದ ಒಗಟಿನ ಪುಸ್ತಕವನ್ನೋದುವ ಮಗುವಿನ ಸ್ಥಿತಿಯೂ, ಪದ್ಯವನ್ನು ನೋಡುವ ಮೊದಲೇ ಗೈಡಿನಲ್ಲಿ ಸಾರಾಂಶವನ್ನು ಕಲಿಯುವ ವಿದ್ಯಾರ್ಥಿಯ ಸ್ಥಿತಿಯೂ ಇದೇ ಅಲ್ಲವೆ? ಹಳೆಗನ್ನಡದ ಪದ್ಯವೊಂದರ ಅನ್ವಯವು ಬಿಗಿಯಾದ ಬೀಗವೇ ಸರಿ. ಕ್ರಿಯಾಪದವೆಲ್ಲಿ, ಕರ್ತೃವಾರು ಎಂದು ಹುಡುಕಿ ತಾನೇ ತೆರೆದವನಿಗೆ ಆ ಪದ್ಯವು ಜೀವಮಾನವೆಲ್ಲಾ ಸ್ವಂತದ್ದಾಗಿರುತ್ತದೆ.

ಜಗಲಿಯ ಮೇಲಿನ ಅಜ್ಜಿಗೆ ಈ ಮರ್ಮವು ಯಾವ ಶಾಸ್ತ್ರವನ್ನೂ ಓದದೆಯೇ ತಿಳಿದಿದೆ. ಮಕ್ಕಳು ತೊಳಲಿದಾಗ ಆಕೆಯು ಮೊಟ್ಟೆಯೆಂದು ಹೇಳಿಬಿಡುವುದಿಲ್ಲ. ಅಂಗಳದ ಕೋಳಿಯ ಕಡೆಗೊಮ್ಮೆ ನೋಡಿ ಸುಮ್ಮನಾಗುತ್ತಾಳೆ. ಅಧ್ಯಾಪಕನ ಸಹಾಯವೂ ಅಷ್ಟರ ಮಟ್ಟಿಗಿದ್ದರೆ ಸಾಕು.