ಹಂಡೆ ಸೋರುವ ಮೊದಲೇ ಯೋಚಿಸೋಣ



ಹಾನಗಲ್ಲ ಭಾಗದ ಅಡಿಕೆ ಬೆಳೆಗಾರನಿಗೆ ಸುಗ್ಗಿಯ ಒಂದೊಂದು ದಿನವೂ ಬೆಲೆಯುಳ್ಳದ್ದು. ಸುಲಿದ ಹಸಿ ಅಡಿಕೆಯನ್ನು ಹೊತ್ತಿಗೆ ಸರಿಯಾಗಿ ಬೇಯಿಸದಿದ್ದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಮಾಲಿಗೆ ಪೇಟೆಯಲ್ಲಿ ದರವಿಲ್ಲ. ಆದರೂ ಹಂಡೆ ಸೋರಿದ ಮೇಲೆಯೇ ಹೊಸದರ ಮಾತೆತ್ತುವುದು ನಮ್ಮ ರೂಢಿ. ಆಗ ಸಿಕ್ಕಿದ್ದೇ ಹಂಡೆ, ಹೇಳಿದ್ದೇ ದರ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಖಾನಾವಳಿ, ಮಂಗಲ ಕಾರ್ಯಾಲಯ ನಡೆಸುವವರಿಗೂ ಈ ಮಾತು ಸಲ್ಲುತ್ತದೆ.

ಮೊದಲು ಲೆಕ್ಕ ನೋಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯಲು ಒಂದು ಕಿಲೋಕ್ಯಾಲರಿ ಶಾಖ ಬೇಕು. 25 ಡಿಗ್ರಿಯ 500 ಲೀಟರ್ ನೀರನ್ನು 100 ಡಿಗ್ರಿಗೆ ತರಲು 37,500 ಕಿಲೋಕ್ಯಾಲರಿ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 3,750 ಎಂದು ಹಿಡಿದರೆ, ಶಾಖವೆಲ್ಲ ನೀರಿಗೇ ಸೇರಿದಲ್ಲಿ 10 ಕಿಲೋ ಸಾಕು. ಆದರೆ ನೂರರಲ್ಲಿ 15 ಪಾಲು ಮಾತ್ರ ಹಿಡಿಯುವ ಒಲೆಗೆ 67 ಕಿಲೋ ಬೇಕು. 30 ಪಾಲು ಹಿಡಿಯುವ ಒಲೆಗೆ 33 ಕಿಲೋ. ವಿದ್ಯುತ್ತಿನಲ್ಲಾದರೆ ಕನಿಷ್ಠ 44 ಯೂನಿಟ್. ಹಸಿ ಕಟ್ಟಿಗೆ ಉರಿಸಿದರೆ ಅದರ ನೀರನ್ನು ಆರಿಸಲಿಕ್ಕೇ ಶಾಖ ವ್ಯರ್ಥ.

ಆದ್ದರಿಂದ ಹಂಡೆಯೊಂದನ್ನೇ ಬದಲಿಸಿ ಹಳೆಯ ಒಲೆ ಉಳಿಸಿಕೊಳ್ಳುವುದು ಅರ್ಧ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆಯ ತತ್ತ್ವ ಸರಳ: ಉರಿಗೆ ಕೆಳಗಿನಿಂದ ಗಾಳಿ ಕೊಡುವ ಜಾಲರಿ, ಮುಚ್ಚಿದ ಬಾಯಿ, ಹೊಗೆ ಹೊರಹಾಕುವ ಕೊಳವೆ. ಹಂಡೆ ತಾಮ್ರದ್ದೇ ಇರಲಿ. ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ.

ಬಿಸಿಲಿದ್ದ ದಿನ ಸೌರ ಜಲತಾಪಕದಿಂದ 60 ಡಿಗ್ರಿಯ ನೀರು ತುಂಬಿದರೆ ಕುದಿಸುವ ಶಾಖದಲ್ಲಿ ಸುಮಾರು ಅರ್ಧ ಉಳಿತಾಯ. ಮೋಡದ ದಿನಕ್ಕೆ ಒಲೆ ಸಿದ್ಧವಿರಲೇಬೇಕು. ಕಾರ್ಯಾಲಯಗಳಲ್ಲಿ ಬಿಸಿನೀರೆಲ್ಲ ಬೆಳಗಿನ ಎರಡು ತಾಸಿನಲ್ಲೇ ಖರ್ಚಾಗುವುದರಿಂದ, ದೊಡ್ಡ ತಾಪಕಕ್ಕಿಂತ ಶಾಖ ಆರದ ಹೊದಿಕೆಯ ದೊಡ್ಡ ತೊಟ್ಟಿ ಮೇಲು. ಬೋರಿನ ಗಡಸು ನೀರಾದರೆ ಒಳಗೆ ಕಟ್ಟುವ ಸುಣ್ಣದ ಪದರನ್ನು ಆಗಾಗ ತೆಗೆಯಬೇಕು.

ಒತ್ತಡದಲ್ಲಿ ಉಗಿ ಹುಟ್ಟಿಸುವ ಬಾಯ್ಲರ್ ಕೂಡಿಸುವವರು ಕಾನೂನು ಮರೆಯಬಾರದು. 1923ರ ಕಾಯ್ದೆಯ ಜಾಗದಲ್ಲಿ 2025ರ ಬಾಯ್ಲರ್ ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ ತಪ್ಪವು. ಬಾಯಿ ತೆರೆದ ಹಂಡೆಗೆ ಈ ತೊಡಕಿಲ್ಲ.

ಸದಸ್ಯರು ಈ ಸುಗ್ಗಿಯಲ್ಲಿ ಮೂರು ದಿನ ಕಟ್ಟಿಗೆ ತೂಗಿ, ಎಷ್ಟು ಅಡಿಕೆ ಬೆಂದಿತೆಂದು ಬರೆದಿಡಿರಿ. ಯುಗಾದಿಯ ಹೊತ್ತಿಗೆ ಆ ಚೀಟಿ ಸಂಘದ ಕಚೇರಿಗೆ ತಲುಪಿದರೆ, ಒಬ್ಬೊಬ್ಬರೇ ಒಲೆ ಕಟ್ಟಿಸಬೇಕೋ, ನಾಲ್ಕು ಮನೆಯವರು ಕೂಡಿ ಒಂದು ಕಟ್ಟಿಸಬೇಕೋ ನಿರ್ಧರಿಸಬಹುದು. ಮಳೆ ಹಿಡಿಯುವ ಮೊದಲು ಕಟ್ಟಿದ ಒಲೆ ಚೆನ್ನಾಗಿ ಒಣಗಿ ಮುಂದಿನ ಸುಗ್ಗಿಗೆ ಸಿದ್ಧವಿರುತ್ತದೆ.